ಬಣ್ಣ ನೋಡಿ ಪಾಚಿಯ ಊಟ ಹೇಳಲಾಗದು

ಮುಂಗಾರು ಒಂದೆರಡು ತಿಂಗಳು ಜಡಿದರೆ ಮೈಸೂರಿನ ಕುವೆಂಪುನಗರದ ಹಳೆಯ ಕಾಂಪೌಂಡ್ ಗೋಡೆಗಳಿಗೆ, ನಲ್ಲಿ ಸೋರುವ ಮೂಲೆಗಳಿಗೆ ಹಸಿರು ಹತ್ತುತ್ತದೆ. ಗೋಡೆಗೆ ಬಣ್ಣ ಹೊಡೆಸಿದವರಿಗೆ ಅದು ದಂಡದ ಖರ್ಚು, ವಯಸ್ಸಾದವರಿಗೆ ಜಾರಿ ಬೀಳುವ ಅಂಜಿಕೆ. ಆದರೆ ಗೋಡೆಯ ಮೇಲಿನ ಹಸಿರು ಪಾಚಿ, ರಸ್ತೆಬದಿಯ ಹೊಂಗೆ ಮರ, 250 ಕಿಲೋಮೀಟರ್ ಆಚೆ ಉಳ್ಳಾಲದ ಸೋಮೇಶ್ವರದ ಬಂಡೆಗಳ ಮೇಲೆ ಅಲೆ ಬಡಿಯುವಲ್ಲಿ ತೆಳ್ಳಗೆ ಹಾಸಿಕೊಂಡಿರುವ ಉಲ್ವಾ ಎಂಬ ಕಡಲಪಾಚಿ, ಈ ಮೂರೂ ಒಂದೇ ದೊಡ್ಡ ಮನೆತನದವು. ಮೂರರಲ್ಲೂ ಪತ್ರಹರಿತ್ತಿನ ಎ ಮತ್ತು ಬಿ ಎಂಬ ಎರಡೇ ಬಗೆಗಳಿವೆ. ನೆಲದ ಮೇಲಿನ ಗಿಡಮರಗಳೆಲ್ಲ ಹಸಿರು ಪಾಚಿಯ ವಂಶದಿಂದಲೇ ಕವಲೊಡೆದು ಬಂದವು. ಈ ಮನೆತನದ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಕಲಿತ ವಾಕ್ಯ ಒಂದಿದೆ: ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೀರುತ್ತದೆ, ಹಸಿರನ್ನು ಬೇಡವೆಂದು ವಾಪಸು ಕಳಿಸುತ್ತದೆ, ಆದ್ದರಿಂದ ಎಲೆ ಹಸಿರು. ಪರೀಕ್ಷೆಗೆ ಇಷ್ಟು ಸಾಕು. ಹೊಂಗೆ ಮರದ ಮಟ್ಟಿಗೂ ಈ ವಾಕ್ಯ ಅರ್ಧ ಸತ್ಯ. ಕಡಲಿಗೆ ಇಳಿದರೆ ಆ ಅರ್ಧವೂ ಉಳಿಯುವುದಿಲ್ಲ. ಒಂದು ಪಾಚಿ ಯಾವ ಬೆಳಕನ್ನು ಉಣ್ಣುತ್ತದೆ ಎಂಬುದನ್ನು ಅದರ ಬಣ್ಣ ತೀರ್ಮಾನಿಸುವುದಿಲ್ಲ. ಬಣ್ಣದ ಅಣುಗಳು ಜೀವಕೋಶದೊಳಗೆ ಎಲ್ಲಿ, ಯಾರ ಪಕ್ಕದಲ್ಲಿ ಕೂತಿವೆ ಎಂಬುದು ತೀರ್ಮಾನಿಸುತ್ತದೆ. ಇದಕ್ಕೆ ಸಾಕ್ಷಿ ನಮ್ಮ ಕರಾವಳಿಯಲ್ಲೂ ಇದೆ, ಮೈಸೂರಿನ ಪ್ರಯೋಗಾಲಯದಲ್ಲೂ ಇದೆ.

ಮೊದಲು ಹೊಂಗೆ ಎಲೆಯ ಅರ್ಧ ಸತ್ಯವನ್ನು ಮುಗಿಸೋಣ. ಪತ್ರಹರಿತ್ತನ್ನು ಎಲೆಯಿಂದ ಬೇರ್ಪಡಿಸಿ ಸ್ಪಿರಿಟ್‌ನಲ್ಲಿ ಕರಗಿಸಿ ಗಾಜಿನ ಕೊಳವೆಯಲ್ಲಿ ಅಳೆದರೆ ಹಸಿರು ಬೆಳಕು ಬಹುಪಾಲು ಹಾಗೇ ದಾಟಿಹೋಗುವುದು ನಿಜ. ಆದರೆ ಎಲೆ ಗಾಜಿನ ಕೊಳವೆಯಲ್ಲ. ಅದರೊಳಗೆ ಕೋಶಗಳೂ ಗಾಳಿಯ ಸಂದುಗಳೂ ಒತ್ತಾಗಿವೆ. ಹಸಿರು ಬೆಳಕು ಅಲ್ಲಿ ಹತ್ತಾರು ಬಾರಿ ಅತ್ತಿತ್ತ ಚದುರುತ್ತದೆ, ಪ್ರತಿ ಸಲವೂ ಯಾವುದಾದರೊಂದು ಪತ್ರಹರಿತ್ತಿನ ಕೈಗೆ ಸಿಗುವ ಸಂಭವ ಹೆಚ್ಚುತ್ತದೆ. ಹಾಗಾಗಿ ಸಾಮಾನ್ಯ ಎಲೆಯೊಂದು ತನ್ನ ಮೇಲೆ ಬಿದ್ದ ಹಸಿರು ಬೆಳಕಿನಲ್ಲೂ ಅರ್ಧಕ್ಕಿಂತ ಹೆಚ್ಚನ್ನು ಹೀರುತ್ತದೆ. ಸಂಶೋಧಕ ಕೀತ್ ಮೆಕ್ರೀ 1972ರಲ್ಲಿ 22 ಬೆಳೆಗಳ ಎಲೆಗಳ ಮೇಲೆ ಬಣ್ಣಬಣ್ಣದ ಬೆಳಕು ಬಿಟ್ಟು ಅಳೆದಾಗ ಕಂಡದ್ದೂ ಅದೇ: ಹಸಿರು ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆ ಕೆಂಪಿಗಿಂತ ಕಡಿಮೆ, ಆದರೆ ಶಾಲೆಯ ವಾಕ್ಯ ಹೇಳುವಷ್ಟು ಕಡಿಮೆಯೇನಲ್ಲ. ಎಲೆ ಹಸಿರಾಗಿ ಕಾಣುವುದು ಹಸಿರನ್ನೆಲ್ಲ ಎಸೆದುದರಿಂದಲ್ಲ, ಉಳಿದ ಬಣ್ಣಗಳಿಗಿಂತ ಅದನ್ನು ಸ್ವಲ್ಪ ಹೆಚ್ಚು ಬಿಟ್ಟುಕೊಟ್ಟದ್ದರಿಂದ. ನಮ್ಮ ಕಣ್ಣಿಗೋ ಹಸಿರಿನ ಮೇಲೆ ಮೊದಲೇ ಪಕ್ಷಪಾತ. ಸ್ವಲ್ಪ ಹಸಿರು ಹೆಚ್ಚಿದ್ದರೂ ಎಲ್ಲವೂ ಹಸಿರೆಂದೇ ಸಾರುತ್ತದೆ.

ನೆಲದ ಮೇಲೆ ಈ ಲೆಕ್ಕ ಅಷ್ಟೇನೂ ಮುಖ್ಯವಲ್ಲ, ಏಕೆಂದರೆ ಗಾಳಿ ಎಲ್ಲ ಬಣ್ಣವನ್ನೂ ಧಾರಾಳವಾಗಿ ಬಿಡುತ್ತದೆ. ನೀರು ಹಾಗಲ್ಲ, ಮೊದಲು ಕೆಂಪನ್ನು ನುಂಗುತ್ತದೆ. ಪತ್ರಹರಿತ್ತು ಅತ್ಯಂತ ಇಷ್ಟಪಡುವ 680 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕು, ಪೂರ್ತಿ ಶುದ್ಧ ನೀರಿನಲ್ಲೂ ಪ್ರತಿ ಮೀಟರಿಗೆ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಕಳೆದುಕೊಳ್ಳುತ್ತದೆ. ಐದು ಮೀಟರ್ ಆಳಕ್ಕೆ ಹತ್ತರಲ್ಲೊಂದು ಪಾಲು, ಹತ್ತು ಮೀಟರಿಗೆ ನೂರರಲ್ಲೊಂದು ಪಾಲು ಉಳಿದರೆ ಹೆಚ್ಚು. ನಡುಗಡಲಿನ ತಿಳಿನೀರಿನಲ್ಲಿ ಆಳಕ್ಕೆ ಇಳಿಯುವುದು ನೀಲಿ. ಕರಾವಳಿಯ ನೀರಿನ ಕತೆ ಬೇರೆ. ಕಾಳಿ, ಶರಾವತಿ, ನೇತ್ರಾವತಿಗಳು ಘಟ್ಟದಿಂದ ಹೂಳು ತರುತ್ತವೆ, ಜೊತೆಗೆ ಕೊಳೆತ ಎಲೆತರಗಿನಿಂದ ಕರಗಿ ಬಂದ ಹಳದಿ-ಕಂದು ವಸ್ತುವನ್ನೂ ತರುತ್ತವೆ. ಆ ವಸ್ತು ನೀಲಿಯನ್ನು ಹೀರುತ್ತದೆ. ಮೇಲಿನಿಂದ ಕೆಂಪು ಹೋಯಿತು, ಈ ಕಡೆಯಿಂದ ನೀಲಿ ಹೋಯಿತು. ಇಂಥ ನೀರಿನಲ್ಲಿ ಅತಿ ಆಳಕ್ಕೆ ತಲುಪುವುದು ಹಸಿರು. ಅಂದರೆ ಹಸಿರು ಪಾಚಿಗೆ ಯಾವುದು ಬೇಡವೆಂದು ಪಠ್ಯ ಹೇಳುತ್ತದೋ ಅದೊಂದೇ ಬೆಳಕು ಅದರ ತಟ್ಟೆಗೆ ಬೀಳುವ ಜಾಗಗಳು ನಮ್ಮ ಕರಾವಳಿಯುದ್ದಕ್ಕೂ ಇವೆ. ಅಲ್ಲಿ ಹಸಿರು ಪಾಚಿ ಹಸಿವಿನಿಂದ ಸಾಯಬೇಕಿತ್ತು. ಅದು ಬೆಳೆಯುತ್ತಲೇ ಇದೆ.

ಈ ಒಗಟಿಗೆ ಮೊದಲು ಕೈಹಾಕಿದವರಲ್ಲಿ ಒಬ್ಬ ಜರ್ಮನಿಯ ಶರೀರಶಾಸ್ತ್ರಜ್ಞ ತಿಯೊಡೋರ್ ಎಂಗೆಲ್‌ಮನ್. 1882ರಲ್ಲಿ ಆತ ಮಾಡಿದ ಪ್ರಯೋಗದ ಜಾಣ್ಮೆಗೆ ಇವತ್ತಿಗೂ ತಲೆದೂಗಬೇಕು. ಕ್ಲಾಡೋಫೋರಾ ಎಂಬ ದಾರದಂಥ ಹಸಿರು ಪಾಚಿಯ ಎಳೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಪಟ್ಟಕದಿಂದ ಒಡೆದ ಕಾಮನಬಿಲ್ಲನ್ನು ಆ ಎಳೆಯ ಉದ್ದಕ್ಕೆ ಹಾಸಿದ. ನೀರಿನಲ್ಲಿ ಆಮ್ಲಜನಕ ಹುಡುಕಿ ಈಜುವ ಬ್ಯಾಕ್ಟೀರಿಯಾಗಳನ್ನು ಬಿಟ್ಟ. ಅವು ಕೆಂಪು ಬಿದ್ದಲ್ಲಿ ಮತ್ತು ನೀಲಿ ಬಿದ್ದಲ್ಲಿ ಮುತ್ತಿಕೊಂಡವು, ಹಸಿರು ಬಿದ್ದಲ್ಲಿ ವಿರಳವಾದವು. ಅಳೆಯುವ ಯಂತ್ರವಿಲ್ಲದ ಕಾಲದಲ್ಲಿ ಬ್ಯಾಕ್ಟೀರಿಯಾವನ್ನೇ ಮೀಟರು ಮಾಡಿಕೊಂಡ ಈ ಪ್ರಯೋಗದಿಂದ ಎಂಗೆಲ್‌ಮನ್ ಮರುವರ್ಷ ಒಂದು ದೊಡ್ಡ ತೀರ್ಮಾನಕ್ಕೆ ಹಾರಿದ: ಪಾಚಿಗಳ ಬಣ್ಣ ಅವು ಬದುಕುವ ಆಳದ ಬೆಳಕಿಗೆ ಪೂರಕವಾಗಿರುತ್ತದೆ, ಹಸಿರು ಪಾಚಿ ದಡದಲ್ಲಿ, ಕಂದು ನಡುವೆ, ಹಸಿರು ಬೆಳಕನ್ನು ಹೀರಬಲ್ಲ ಕೆಂಪು ಪಾಚಿ ಅತಿ ಆಳದಲ್ಲಿ. ಚೆಂದದ ಸಿದ್ಧಾಂತ. ನೂರು ವರ್ಷ ಪಠ್ಯಪುಸ್ತಕಗಳಲ್ಲಿ ನಿಂತಿತು. ಪ್ರಯೋಗ ಸರಿಯಾಗಿತ್ತು, ಒಂದು ತೆಳು ಎಳೆಯಿಂದ ಇಡೀ ಕಡಲಿಗೆ ಜಿಗಿದದ್ದು ಅವಸರವಾಯಿತು. 1950ರಲ್ಲಿ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಹ್ಯಾಕ್ಸೊ ಮತ್ತು ಬ್ಲಿಂಕ್ಸ್ ಎಂಬ ಸಂಶೋಧಕರು ವಿದ್ಯುತ್ ಉಪಕರಣದಿಂದ ಆಮ್ಲಜನಕ ಅಳೆದು ನೋಡಿದಾಗಲೂ ಉಲ್ವಾದಲ್ಲಿ ಹೀರಿದ ಬೆಳಕಿನ ನಕ್ಷೆ ಮತ್ತು ದುಡಿದ ಬೆಳಕಿನ ನಕ್ಷೆ ಬಹುಮಟ್ಟಿಗೆ ಒಂದರ ಮೇಲೊಂದು ಕೂತವು. ಉಲ್ವಾ ಎರಡೇ ಕೋಶಗಳ ದಪ್ಪದ ಹಾಳೆ; ಪಠ್ಯದ ವಾಕ್ಯಕ್ಕೆ ತಕ್ಕಂತೆ ನಡೆದುಕೊಳ್ಳುವ ವಿಧೇಯ ವಿದ್ಯಾರ್ಥಿ. ಎಲ್ಲ ಹಸಿರು ಪಾಚಿಗಳೂ ಅಷ್ಟು ವಿಧೇಯವಲ್ಲ.

ಎಂಗೆಲ್‌ಮನ್ ಪರವಾಗಿ ಒಂದು ಗಟ್ಟಿ ವಾದವಿದೆ, ಅದನ್ನು ಮೊದಲೇ ಒಪ್ಪಿಕೊಳ್ಳಬೇಕು. ಬಹಾಮಾಸ್ ದ್ವೀಪಗಳ ಬಳಿ ಜಲಾಂತರ್ವಾಹಿನಿಯಲ್ಲಿ ಇಳಿದ ಲಿಟ್ಲರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದಂತೆ 268 ಮೀಟರ್ ಆಳದಲ್ಲಿ ಬಂಡೆಗೆ ಅಂಟಿ ಬದುಕಿದ್ದ ಪಾಚಿ ಕೆಂಪು ವರ್ಗದ್ದೇ. ದಾಖಲೆ ಕೆಂಪು ಪಾಚಿಯದು, ಸಂಶಯವಿಲ್ಲ. ಆದರೆ ಅದೇ ಇಳಿಜಾರಿನಲ್ಲಿ 150 ಮೀಟರಿಗೂ ಆಳದಲ್ಲಿ ಹಸಿರು ಪಾಚಿಗಳೂ ಇದ್ದವು. ಆ ಆಳಕ್ಕೆ ಕೆಂಪು ಬೆಳಕಿನ ಒಂದು ತುಣುಕೂ ತಲುಪುವುದಿಲ್ಲ. ಇನ್ನೊಂದು ಕಡೆ, ಅಲೆ ಬಡಿಯುವ ಬಂಡೆಯ ಮೇಲೆ, ಬಿಸಿಲಿಗೆ ಒಣಗುವ ಮಟ್ಟದಲ್ಲಿ ಕೆಂಪು ಪಾಚಿಗಳು ಯಥೇಚ್ಛವಾಗಿ ಬೆಳೆಯುತ್ತವೆ. ಸಿದ್ಧಾಂತ ಹೇಳಿದ ಸಾಲು ಹೀಗೆ ಎರಡೂ ತುದಿಯಲ್ಲಿ ಕದಡಿದೆ. 1976ರಲ್ಲಿ ಜೋಸೆಫ್ ರೇಮಸ್ ಮತ್ತು ಜೊತೆಗಾರರು ಹಸಿರು ಮತ್ತು ಕೆಂಪು ಪಾಚಿಗಳನ್ನು ಬೇರೆಬೇರೆ ಆಳದಲ್ಲಿ ತೂಗುಬಿಟ್ಟು ಹೋಲಿಸಿದಾಗ ಬಣ್ಣಕ್ಕಿಂತ ಮೈಕಟ್ಟು ಮುಖ್ಯವೆಂಬ ಸುಳಿವು ಸಿಕ್ಕಿತು. ಉಲ್ವಾ ಹಾಳೆಯ ಮೂಲಕ ಬೆಳಕು ಆಚೆ ದಾಟುತ್ತದೆ. ಕೋಡಿಯಂ ಎಂಬ ಇನ್ನೊಂದು ಹಸಿರು ಪಾಚಿ ಬೆರಳುದಪ್ಪದ, ಒತ್ತಾದ ಕೊಂಬೆಗಳ ಜೀವಿ. ಒಳಹೊಕ್ಕ ಬೆಳಕು ಅದರ ಕೊಳವೆಗಳ ನಡುವೆ ಚದುರಿ ಚದುರಿ ಹೊರಬರುವ ದಾರಿ ಕಾಣದೆ ಅಲ್ಲೇ ಮುಗಿಯುತ್ತದೆ. ಯಾವ ಬಣ್ಣದ ಬೆಳಕಾದರೂ ಅಷ್ಟೆ. ಹೊಂಗೆ ಎಲೆಯ ಉಪಾಯವೇ ಇದು, ಇನ್ನೂ ಜೋರಾಗಿ. ಕಣ್ಣಿಗೆ ಕೋಡಿಯಂ ಕಪ್ಪಿಗೆ ತಿರುಗಿದ ಹಸಿರಾಗಿ ಕಾಣುವುದು ಇದರಿಂದಲೇ.

ಮೈಕಟ್ಟು ಬೆಳಕನ್ನು ಹಿಡಿದಿಡಬಹುದು, ಆದರೆ ಹಿಡಿದಿಟ್ಟ ಬೆಳಕು ಕೆಲಸಕ್ಕೆ ಬರಬೇಕಾದರೆ ಅಣುವಿನ ಮಟ್ಟದಲ್ಲಿ ವ್ಯವಸ್ಥೆ ಬೇಕು. ಆ ವ್ಯವಸ್ಥೆಯ ಗುಟ್ಟು ಬಯಲಾದದ್ದು 1932ರಲ್ಲಿ. ರಾಬರ್ಟ್ ಎಮರ್ಸನ್ ಮತ್ತು ವಿಲಿಯಂ ಅರ್ನಾಲ್ಡ್ ಕ್ಲೋರೆಲ್ಲಾ ಎಂಬ ಸಣ್ಣ ಹಸಿರು ಪಾಚಿಗೆ ಕ್ಷಣಮಾತ್ರದ ಮಿಂಚು ಬಿಟ್ಟರು, ಪ್ರತಿ ಪತ್ರಹರಿತ್ತೂ ಒಂದೊಂದು ಫೋಟಾನ್ ಹಿಡಿಯುವಷ್ಟು ಪ್ರಖರವಾಗಿ. ಒಂದು ಮಿಂಚಿಗೆ ಹುಟ್ಟಿದ ಆಮ್ಲಜನಕವನ್ನು ಲೆಕ್ಕ ಹಾಕಿದರೆ ಸುಮಾರು 2,500 ಪತ್ರಹರಿತ್ತಿನ ಅಣುಗಳಿಗೆ ಒಂದೇ ಒಂದು ಆಮ್ಲಜನಕದ ಅಣು. ಅಂದರೆ ಪತ್ರಹರಿತ್ತುಗಳಲ್ಲಿ ಬಹುತೇಕವು ರಾಸಾಯನಿಕ ಕೆಲಸವನ್ನೇ ಮಾಡುವುದಿಲ್ಲ. ಅವು ಬೆಳಕು ಹಿಡಿದು ಮುಂದಕ್ಕೆ ದಾಟಿಸುತ್ತವೆ. ಕೆಲಸ ನಡೆಯುವುದು ಪ್ರತಿಕ್ರಿಯಾ ಕೇಂದ್ರ ಎಂಬ ಕೆಲವೇ ಜಾಗಗಳಲ್ಲಿ. ಮನೆಯ ಮಳೆಕೊಯ್ಲಿನಲ್ಲಿ ತಾರಸಿ ಇಡೀ ಮಳೆ ಹಿಡಿದು ಒಂದು ಪೈಪಿನ ಮೂಲಕ ಸಂಪಿಗೆ ಕಳಿಸುವ ಹಾಗೆ. ಇಷ್ಟು ದೊಡ್ಡ ತಾರಸಿ ಏಕೆ ಬೇಕು? ನಡುಹಗಲ ಬಿಸಿಲಿನಲ್ಲೂ ಒಂದು ಪತ್ರಹರಿತ್ತಿಗೆ ಸೆಕೆಂಡಿಗೆ ಸಿಗುವುದು ಹತ್ತರ ಆಸುಪಾಸಿನ ಫೋಟಾನ್. ಪ್ರತಿಕ್ರಿಯಾ ಕೇಂದ್ರ ಅದಕ್ಕಿಂತ ಬಹಳ ವೇಗವಾಗಿ ದುಡಿಯಬಲ್ಲದು. ತಾನೇ ಬೆಳಕಿಗೆ ಕಾದು ಕೂತರೆ ಹೆಚ್ಚು ಹೊತ್ತು ಕೈಕಟ್ಟಿ ಕೂರಬೇಕು. ಅದಕ್ಕೇ ಒಂದೊಂದು ಕೇಂದ್ರದ ಸುತ್ತ ನೂರಾರು ಪತ್ರಹರಿತ್ತುಗಳು. ಇವು ಚೆಲ್ಲಾಪಿಲ್ಲಿಯಾಗಿ ಬಿದ್ದಿಲ್ಲ, ಪ್ರೋಟೀನಿನ ಚೌಕಟ್ಟಿನಲ್ಲಿ ಅಳೆದು ಕೂರಿಸಿದಂತಿವೆ. ಪಾಲಕ್ ಸೊಪ್ಪಿನಿಂದ ತೆಗೆದ ಇಂಥ ಪ್ರೋಟೀನಿನ ವಿವರವಾದ ಚಿತ್ರ 2004ರಲ್ಲಿ ಚೀನಾದ ವಿಜ್ಞಾನಿಗಳಿಂದ ಬಂತು: ಒಂದೊಂದು ಘಟಕದಲ್ಲಿ ಎಂಟು ಪತ್ರಹರಿತ್ತು ಎ, ಆರು ಪತ್ರಹರಿತ್ತು ಬಿ, ನಾಲ್ಕು ಕ್ಯಾರೋಟಿನಾಯ್ಡ್, ಅಂಥ ಮೂರು ಘಟಕ ಸೇರಿ ಒಂದು ಗುಂಪು. ಒಂದು ಅಣುವಿನಿಂದ ಪಕ್ಕದ ಅಣುವಿಗೆ ಶಕ್ತಿ ದಾಟುವುದಕ್ಕೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನಷ್ಟು ಹೊತ್ತು, ಕೆಲವು ಕಡೆ ಅದಕ್ಕೂ ಕಡಿಮೆ. ಪ್ರತಿ ಜಿಗಿತದಲ್ಲೂ ಸ್ವಲ್ಪ ಶಕ್ತಿ ಶಾಖವಾಗಿ ಇಳಿಯುತ್ತದೆ, ಆದ್ದರಿಂದ ಹರಿವು ಕೇಂದ್ರದ ಕಡೆಗೇ ವಾಲುತ್ತದೆ.

ನಮ್ಮ ಕರಾವಳಿಯ ಕಾಲರ್ಪಾ ಇಲ್ಲಿ ಪ್ರವೇಶಿಸುತ್ತದೆ. ಮಳೆಗಾಲದ ಅಬ್ಬರ ಕಳೆದ ಮೇಲೆ ಉತ್ತರ ಕನ್ನಡದ ಬಂಡೆಗಳಲ್ಲಿ ಉಲ್ವಾದ ಜೊತೆ ಕಾಣಸಿಗುವ ಈ ಹಸಿರು ಪಾಚಿ ಬೇರು, ಕಾಂಡ, ಎಲೆ ಇರುವಂತೆ ನಟಿಸುತ್ತದೆ. ವಾಸ್ತವದಲ್ಲಿ ಇಡೀ ಜೀವಿ ಒಂದೇ ಜೀವಕೋಶ, ಒಳಗೆ ಗೋಡೆಗಳೇ ಇಲ್ಲದ ಕೊಳವೆ. ಕೋಡಿಯಂ, ಬ್ರಯಾಪ್ಸಿಸ್‌ಗಳೂ ಇದೇ ಬಳಗದವು. ಈ ಬಳಗದ ಬೆಳಕು ಹಿಡಿಯುವ ಪ್ರೋಟೀನು ಪಾಲಕ್ ಸೊಪ್ಪಿನದಕ್ಕೆ ಹತ್ತಿರದ ಸಂಬಂಧಿ, ಆದರೆ ಎರಡು ಬದಲಾವಣೆ ಮಾಡಿಕೊಂಡಿದೆ. ಪತ್ರಹರಿತ್ತಿನಲ್ಲಿ ನೀಲಿ-ಹಸಿರನ್ನು ಹೆಚ್ಚು ಹೀರುವ ಬಿ ಬಗೆಯ ಪಾಲು ನೆಲದ ಸಸ್ಯಗಳಿಗಿಂತ ಹೆಚ್ಚು. ಪಾಲಕ್‌ನಲ್ಲಿ ಲ್ಯೂಟಿನ್ ಎಂಬ ಹಳದಿ ವರ್ಣಕ ಕೂರುವ ಜಾಗದಲ್ಲಿ ಸೈಫೊನಾಕ್ಸಾಂಥಿನ್ ಎಂಬ ಕಿತ್ತಳೆ ವರ್ಣಕ ಕೂತಿದೆ, ಅದರ ಜೊತೆಗೊಂದು ಸಮೀಪದ ಬಂಧು ಸೈಫೊನೀನ್. ಸೈಫೊನಾಕ್ಸಾಂಥಿನ್‌ನ ವರ್ತನೆ ವಿಚಿತ್ರ. ಅದನ್ನು ಪಾಚಿಯಿಂದ ಹಿಂಡಿ ದ್ರಾವಕದಲ್ಲಿ ಕರಗಿಸಿದರೆ ಹೀರುವುದು 450 ನ್ಯಾನೋಮೀಟರ್ ಸುತ್ತಮುತ್ತಲ ನೀಲಿಯನ್ನು. ಹಸಿರಿನ ಸುದ್ದಿಗೇ ಹೋಗುವುದಿಲ್ಲ. ಅದೇ ಅಣು ಪ್ರೋಟೀನಿನ ತೊಡೆಯ ಮೇಲೆ ಕೂತಾಗ ಅದರ ಹೀರಿಕೆ 540 ನ್ಯಾನೋಮೀಟರ್ ಕಡೆಗೆ ಜರುಗುತ್ತದೆ, ಅಂದರೆ ನಟ್ಟನಡು ಹಸಿರಿಗೆ. ಅಣು ಬದಲಾಗಿಲ್ಲ, ವಿಳಾಸ ಬದಲಾಗಿದೆ. ಹೀರಿದ್ದು ಪತ್ರಹರಿತ್ತಿಗೆ ತಲುಪುತ್ತದೆಯೇ ಎಂಬ ಪ್ರಶ್ನೆಗೆ 1977ರಲ್ಲಿ ಜಪಾನಿನ ಕಗೆಯಾಮ, ಯೊಕೊಹಾಮ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಆಳನೀರಿನ ಹಸಿರು ಪಾಚಿಯೊಂದಕ್ಕೆ ಹಸಿರು ಬೆಳಕು ಬಿಟ್ಟಾಗ ಪತ್ರಹರಿತ್ತು ಮಿನುಗಿತು. ಹಸಿರನ್ನು ಹೀರಿದ್ದು ಸೈಫೊನಾಕ್ಸಾಂಥಿನ್, ಮಿನುಗಿದ್ದು ಪತ್ರಹರಿತ್ತು ಎ. ನಡುವೆ ಶಕ್ತಿ ಕೈಬದಲಾಗಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಹಸಿರಾಗಿ ಕಾಣುವ ಪಾಚಿಯೊಂದು ಹಸಿರು ಬೆಳಕನ್ನೇ ಉಂಡು ಬದುಕುತ್ತದೆ.

ಇಲ್ಲಿ ಜಾಣ ಓದುಗರು ತಕರಾರು ಎತ್ತಬಹುದು: ಕಾಲರ್ಪಾ, ಬ್ರಯಾಪ್ಸಿಸ್‌ಗಳು ಮೊಣಕಾಲುದ್ದದ ನೀರಿನಲ್ಲೂ ಬೆಳೆಯುತ್ತವಲ್ಲ, ಅಲ್ಲಿ ಕೆಂಪಿಗೆ ಕೊರತೆಯಿಲ್ಲವಲ್ಲ, ಆಳದ ಬೆಳಕಿಗೆಂದು ಮಾಡಿದ ಉಪಕರಣವನ್ನು ದಡದಲ್ಲಿ ಏಕೆ ಹೊತ್ತು ತಿರುಗಬೇಕು? ತಕರಾರು ನ್ಯಾಯವಾದದ್ದೇ. ಅದಕ್ಕೆ ಒಂದು ಭಾಗ ಉತ್ತರ ನೀರಿನಲ್ಲಿದೆ. ಹೂಳು ತುಂಬಿದ ಕರಾವಳಿಯಲ್ಲಿ ಆಳದ ಬೆಳಕು ನೋಡಲು ಆಳಕ್ಕೆ ಹೋಗಬೇಕಿಲ್ಲ. ಕದಡಿದ ನೀರು ಕೆಲವೇ ಮೀಟರುಗಳಲ್ಲಿ ಬೆಳಕನ್ನು ಹಸಿರಿಗೆ ಇಳಿಸಿಬಿಡುತ್ತದೆ. ಇನ್ನೊಂದು ಭಾಗ ಪಾಚಿಯ ಮೈಯಲ್ಲೇ ಇದೆ. ಒತ್ತಾಗಿ ಬೆಳೆದ ಪಾಚಿಯ ಮೇಲಿನ ಪದರ ಕೆಂಪು-ನೀಲಿಯನ್ನು ಮೊದಲೇ ನುಂಗಿದರೆ ಕೆಳಗಿನ ಪದರಕ್ಕೆ ಇಳಿಯುವುದು ಹಸಿರು ಮಾತ್ರ. ಒಂದು ಅಡಿ ನೀರಿನಲ್ಲಿ ಕೂತ ಪಾಚಿಯ ಒಳಭಾಗವೂ ಬೆಳಕಿನ ದೃಷ್ಟಿಯಿಂದ ಆಳದಲ್ಲೇ ಇದೆ. ಮೂರನೆಯದು ವಂಶದ ವಿಷಯ. ಸೈಫೊನಾಕ್ಸಾಂಥಿನ್ ಹಸಿರು ಪಾಚಿಗಳ ದೂರದೂರದ ಕವಲುಗಳಲ್ಲಿ ಅಲ್ಲಲ್ಲಿ ಸಿಗುವುದರಿಂದ ಅದು ಪೂರ್ವಜರ ಕಾಲದ ಆಸ್ತಿಯಾಗಿದ್ದು, ಹಲವರು ಕಳೆದುಕೊಂಡಿರಬಹುದೆಂಬ ವಾದವಿದೆ. ಪಿತ್ರಾರ್ಜಿತವಾಗಿ ಬಂದದ್ದನ್ನು ಹೊರೆಯಾಗದಿದ್ದರೆ ಯಾರೂ ಬಿಸಾಡುವುದಿಲ್ಲ. ಹೊರೆಯಾಗದ್ದಷ್ಟೇ ಅಲ್ಲ, ಬಿಸಿಲಿನಲ್ಲಿ ಅದಕ್ಕೆ ಬೇರೊಂದು ಉಪಯೋಗವೂ ಇದೆ. ಅದಕ್ಕೆ ಬರುವ ಮುನ್ನ ಮೈಸೂರಿನ ಕಡೆಗೆ ಒಮ್ಮೆ ತಿರುಗಬೇಕು.

ಕುವೆಂಪುನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎಂದರೆ ಪಾಚಿಯ ವಿಷಯದಲ್ಲಿ ಮೈಸೂರಿಗರಿಗೆ ಥಟ್ಟನೆ ನೆನಪಾಗುವುದು ಸ್ಪಿರುಲಿನಾ. ಆದರೆ ಸ್ಪಿರುಲಿನಾ ಹಸಿರು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾಗಳ ಕಡೆಯದು. ಅದರ ಬೆಳಕು ಹಿಡಿಯುವ ಕಟ್ಟಡವೇ ಬೇರೆ ನಮೂನೆ. ನಮ್ಮ ವಾದಕ್ಕೆ ಬೇಕಾದದ್ದು ಅದೇ ಸಂಸ್ಥೆಯ ವಿಜ್ಞಾನಿಗಳು ಬೀಟಾ ಕ್ಯಾರೋಟಿನ್‌ಗಾಗಿ ಅಧ್ಯಯನ ಮಾಡಿದ ಡುನಾಲಿಯೆಲ್ಲಾ. ಇದು ಒಂದೇ ಕೋಶದ, ಎರಡು ಬಾಲವಿರುವ, ಉಪ್ಪಿನ ಗದ್ದೆಗಳಲ್ಲೂ ಉಪ್ಪುನೀರಿನ ಸರೋವರಗಳಲ್ಲೂ ಬದುಕುವ ಅಪ್ಪಟ ಹಸಿರು ಪಾಚಿ. ಬಿಸಿಲು ಏರಿ, ಉಪ್ಪು ಹೆಚ್ಚಿ, ಸಾರಜನಕ ಕಡಿಮೆಯಾದಾಗ ಅದು ಕಿತ್ತಳೆಯಾಗುತ್ತದೆ. ಒಣತೂಕದ ಹತ್ತರಲ್ಲೊಂದು ಪಾಲಿನವರೆಗೂ ಬೀಟಾ ಕ್ಯಾರೋಟಿನ್ ತುಂಬಿಕೊಳ್ಳುತ್ತದೆ. ಬಣ್ಣ ನೋಡಿ ತೀರ್ಪು ಕೊಡುವವರು ಏನೆನ್ನಬೇಕು? ಇಷ್ಟೊಂದು ಕ್ಯಾರೋಟಿನ್ ಇದ್ದಮೇಲೆ ಅದು ನೀಲಿ ಬೆಳಕಿನ ಭಾರಿ ಭೋಜನಗಾರ ಎನ್ನಬೇಕು. ಸಂಗತಿ ತಲೆಕೆಳಗು. ಆ ಕ್ಯಾರೋಟಿನ್ ಕ್ಲೋರೋಪ್ಲಾಸ್ಟಿನೊಳಗೆ ಎಣ್ಣೆಯ ಸಣ್ಣ ಹನಿಗಳಲ್ಲಿ ಪ್ರತ್ಯೇಕವಾಗಿ ಶೇಖರವಾಗಿರುತ್ತದೆ, ಪತ್ರಹರಿತ್ತಿನ ಪ್ರೋಟೀನುಗಳಿಗೆ ಅಂಟಿಕೊಂಡಿರುವುದಿಲ್ಲ. ಕ್ಯಾರೋಟಿನಾಯ್ಡ್ ಹೀರಿದ ಶಕ್ತಿಯ ಆಯಸ್ಸು ಬಹಳ ಕಡಿಮೆ. ಪಕ್ಕದಲ್ಲೇ, ನ್ಯಾನೋಮೀಟರಿನೊಳಗೆ ಪತ್ರಹರಿತ್ತು ಇಲ್ಲದಿದ್ದರೆ ಕೈದಾಟುವ ಮೊದಲೇ ಶಾಖವಾಗಿ ಕಳೆದುಹೋಗುತ್ತದೆ. ಹಾಗಾಗಿ ಈ ಕಿತ್ತಳೆ ವರ್ಣಕ ಬೆಳಕನ್ನು ಕೊಡುವುದಿಲ್ಲ, ತಡೆಯುತ್ತದೆ. ಇಸ್ರೇಲಿನ ಬೆನ್ ಅಮೋತ್ಸ್, ಶೈಶ್ ಮತ್ತು ಅವ್ರೋನ್ 1989ರಲ್ಲಿ ಇದನ್ನು ಪರೀಕ್ಷಿಸಿದ ರೀತಿ ಅಚ್ಚುಕಟ್ಟಾದದ್ದು: ಕ್ಯಾರೋಟಿನ್ ತುಂಬಿದ ಕೋಶಗಳು ತೀವ್ರ ನೀಲಿ ಬೆಳಕಿನ ಏಟನ್ನು ತಾಳಿಕೊಂಡವು, ಅಷ್ಟೇ ತೀವ್ರ ಕೆಂಪು ಬೆಳಕು ಬಿಟ್ಟಾಗ ಆ ರಕ್ಷಣೆ ಸಿಗಲಿಲ್ಲ. ಕ್ಯಾರೋಟಿನ್ ಕೆಂಪನ್ನು ಹೀರುವುದಿಲ್ಲವಾದ್ದರಿಂದ ಅದು ಪರದೆಯೆಂದೇ ಸಾಬೀತಾಯಿತು.

ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕಾಲರ್ಪಾದ ಕಿತ್ತಳೆ ಕಣ್ಣಿಗೆ ಕಾಣದಂತೆ ಹಸಿರಿನೊಳಗೆ ಮುಚ್ಚಿಹೋಗಿದ್ದರೂ ಬೆಳಕನ್ನು ಊಟಕ್ಕೆ ತರುತ್ತದೆ. ಡುನಾಲಿಯೆಲ್ಲಾದ ಕಿತ್ತಳೆ ಊರಿಗೆಲ್ಲ ಕಾಣುವಷ್ಟಿದ್ದರೂ ಊಟಕ್ಕೆ ಒಂದು ತುತ್ತನ್ನೂ ತರುವುದಿಲ್ಲ. ಎರಡೂ ಹಸಿರು ಪಾಚಿಗಳೇ, ಎರಡೂ ಕ್ಯಾರೋಟಿನಾಯ್ಡ್‌ಗಳೇ. ಉಲ್ವಾದ ನೆಲವಾಸಿ ದಾಯಾದಿ ಟ್ರೆಂಟೆಪೋಲಿಯಾ ಇದೇ ಪಾಠದ ಇನ್ನೊಂದು ಪುಟ. ಪಶ್ಚಿಮ ಘಟ್ಟದ ತೇವದ ಸೀಮೆಯಲ್ಲಿ ಮರದ ಕಾಂಡ, ಬಂಡೆ, ಗೋಡೆಗಳಿಗೆ ಇಟ್ಟಿಗೆಬಣ್ಣದ ಮಖಮಲ್ಲು ಹೊದಿಸುವುದು ಅದೇ. 2001ರಲ್ಲಿ ಕೇರಳದಲ್ಲಿ ಬಿದ್ದ ಕೆಂಪು ಮಳೆಗೆ ಅದರ ಬೀಜಕಣಗಳೇ ಕಾರಣವೆಂದು ಸರ್ಕಾರ ನೇಮಿಸಿದ ತನಿಖೆ ಹೇಳಿತು. ಕೆಂಪಾಗಿದ್ದರೂ ಅದು ಹಸಿರು ಪಾಚಿ, ಎ ಮತ್ತು ಬಿ ಪತ್ರಹರಿತ್ತಿನ ಮನೆತನದ್ದೇ.

ಪರದೆಯ ಮಾತು ಬಂದದ್ದರಿಂದ ಬೆಳಕಿನ ಇನ್ನೊಂದು ಮುಖಕ್ಕೆ ಬರಲೇಬೇಕು. ಬೆಳಕು ಹಿಡಿಯುವುದೆಂದರೆ ಆದಷ್ಟು ಹೆಚ್ಚು ಹಿಡಿಯುವುದು ಎಂದುಕೊಂಡರೆ ಅರ್ಧ ಕತೆ ತಪ್ಪುತ್ತದೆ. ಮೊದಲೇ ಹೇಳಿದ ಲೆಕ್ಕವನ್ನೇ ನೋಡಿ: ಒಂದು ಕೇಂದ್ರಕ್ಕೆ ನೂರಾರು, ಎಂದರೆ ಸುಮಾರು ಇನ್ನೂರೈವತ್ತು ಪತ್ರಹರಿತ್ತು, ಒಂದೊಂದಕ್ಕೆ ನಡುಹಗಲು ಸೆಕೆಂಡಿಗೆ ಹತ್ತು ಫೋಟಾನ್ ಎಂದರೆ ಎರಡೂವರೆ ಸಾವಿರ. ಕೇಂದ್ರದಿಂದ ಆಚೆಗಿನ ರಾಸಾಯನಿಕ ಸಾಲು ಇದರ ಸಣ್ಣ ಪಾಲನ್ನಷ್ಟೇ ಸಾಗಿಸಬಲ್ಲದು. ಮುಂಜಾನೆಗೂ ಆಳಕ್ಕೂ ಸರಿಹೋಗುವ ಅಳತೆ ಮಧ್ಯಾಹ್ನಕ್ಕೆ ಅತಿಯಾಗುತ್ತದೆ. ಮುಂದೆ ಹೋಗಲು ದಾರಿ ಸಿಗದ ಶಕ್ತಿ ಪತ್ರಹರಿತ್ತಿನಲ್ಲೇ ಉಳಿದರೆ ಅದು ಟ್ರಿಪ್ಲೆಟ್ ಎಂಬ ದೀರ್ಘಾಯುಸ್ಸಿನ ಸ್ಥಿತಿಗೆ ಜಾರಿ, ಪಕ್ಕದ ಆಮ್ಲಜನಕವನ್ನು ಕೆರಳಿಸುತ್ತದೆ. ಕೆರಳಿದ ಆಮ್ಲಜನಕ ಪ್ರೋಟೀನು, ಕೊಬ್ಬು ಎಲ್ಲವನ್ನೂ ಸುಡುತ್ತದೆ. ನೆಲದ ಸಸ್ಯಗಳು ಮತ್ತು ಅನೇಕ ಪಾಚಿಗಳು ಇದಕ್ಕೆ ಒಂದು ವೇಗದ ಕವಾಟ ಇಟ್ಟುಕೊಂಡಿವೆ. ಬಿಸಿಲು ಹೆಚ್ಚಿದ ಕ್ಷಣ ಹೆಚ್ಚುವರಿ ಶಕ್ತಿಯನ್ನು ಶಾಖವಾಗಿ ಹೊರಹಾಕುವ ಕವಾಟ. ಕಾಲರ್ಪಾ-ಕೋಡಿಯಂ-ಬ್ರಯಾಪ್ಸಿಸ್ ಬಳಗದಲ್ಲಿ ಆ ಕವಾಟವೇ ಕೆಲಸ ಮಾಡುವುದಿಲ್ಲವೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಉಬ್ಬರವಿಳಿತದ ಬಂಡೆಯ ಮೇಲೆ ಬಿಸಿಲಿಗೆ ಮೈಯೊಡ್ಡಿ ಕೂರುವ ಜೀವಿಗೆ ಕವಾಟವಿಲ್ಲದಿದ್ದರೆ ಗತಿಯೇನು? ಉತ್ತರದ ಒಂದು ಭಾಗ 2025ರಲ್ಲಿ ಜಪಾನಿನ ಒಸಾಕಾ ಮೆಟ್ರೋಪಾಲಿಟನ್ ಮತ್ತು ಇಟಲಿಯ ಪಡುವಾ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಕೂಡಿ ಮಾಡಿದ ಹೋಲಿಕೆಯಿಂದ ಬಂತು. ಪಾಲಕ್ ಸೊಪ್ಪಿನ ಪ್ರೋಟೀನಿನಲ್ಲಿ ಅಪಾಯಕಾರಿ ಟ್ರಿಪ್ಲೆಟ್ ಪತ್ರಹರಿತ್ತಿನ ಮಂದ ಸಂಕೇತ ಉಳಿದಿತ್ತು, ಕೋಡಿಯಂನಲ್ಲಿ ಅದು ಕಾಣಲೇ ಇಲ್ಲ. ಪತ್ರಹರಿತ್ತಿಗೆ ಒತ್ತಿಕೊಂಡು ಕೂತ ಕ್ಯಾರೋಟಿನಾಯ್ಡ್‌ಗಳು, ಮುಖ್ಯವಾಗಿ ಸೈಫೊನೀನ್, ಅದನ್ನು ಹುಟ್ಟಿದಲ್ಲೇ ಆರಿಸಿಬಿಡುತ್ತವೆ. ಒಂದೇ ಪ್ರೋಟೀನಿನಲ್ಲಿ, ಪತ್ರಹರಿತ್ತಿಗೆ ಅಷ್ಟೇ ಹತ್ತಿರ ಕೂತ ಈ ಕಿತ್ತಳೆ ಬಂಧುಗಳು ಕೊರತೆಯ ಕಾಲಕ್ಕೆ ಹಸಿರು ಬೆಳಕನ್ನು ತರುತ್ತವೆ, ಅತಿಯಾದಾಗ ಬೆಂಕಿ ಆರಿಸುತ್ತವೆ. ಡುನಾಲಿಯೆಲ್ಲಾ ಬೆಳಕನ್ನು ಹೊರಗೇ ತಡೆಯುತ್ತದೆ. ಕೋಡಿಯಂ ಒಳಗೆ ಬಿಟ್ಟುಕೊಂಡು ಒಳಗೇ ನಿಭಾಯಿಸುತ್ತದೆ.

ಇಷ್ಟು ಒಳ್ಳೆಯ ವರ್ಣಕವಾದರೆ ಉಲ್ವಾ ಏಕೆ ಇಟ್ಟುಕೊಳ್ಳಲಿಲ್ಲ, ಹೊಂಗೆ ಮರಕ್ಕೇಕೆ ಬೇಡವಾಯಿತು ಎಂಬುದು ಉಳಿಯುವ ಪ್ರಶ್ನೆ. ವಿಕಾಸ ಶ್ರೇಷ್ಠವಾದದ್ದನ್ನು ಎಲ್ಲರಿಗೂ ಹಂಚುವ ಪಡಿತರ ವ್ಯವಸ್ಥೆಯಲ್ಲ. ಉಲ್ವಾ ಬೇರೆ ದಾರಿ ಹಿಡಿದಿದೆ: ತೆಳು ಹಾಳೆ, ವೇಗದ ಬೆಳವಣಿಗೆ, ಸಿಕ್ಕ ಬಿಸಿಲಲ್ಲಿ ಬೆಳೆದು ಮುಗಿಸುವ ಅವಸರ. ಮಬ್ಬಿನಲ್ಲಿ ಇಟ್ಟರೆ ಪತ್ರಹರಿತ್ತನ್ನು ಹೆಚ್ಚಿಸಿಕೊಂಡು ಕಡುಹಸಿರಾಗುತ್ತದೆ, ಹೊಸ ವರ್ಣಕದ ತಂಟೆಗೆ ಹೋಗುವುದಿಲ್ಲ. ಆದರೆ ಉಲ್ವಾದ ಹತ್ತಿರದ ಬಂಧುಗಳಲ್ಲೇ ಆಳನೀರಿಗೆ ಹೋದ ಪ್ರಭೇದದಲ್ಲಿ ಸೈಫೊನಾಕ್ಸಾಂಥಿನ್ ಇದೆ. 1977ರ ಜಪಾನೀ ಪ್ರಯೋಗ ನಡೆದದ್ದು ಅಂಥದ್ದರ ಮೇಲೆಯೇ. ಎಂಗೆಲ್‌ಮನ್ ಪೂರ್ತಿ ತಪ್ಪಲ್ಲ ಎನ್ನುವವರಿಗೆ ಇದು ಒಳ್ಳೆಯ ಆಧಾರ, ನಾನೂ ಅಷ್ಟನ್ನು ಒಪ್ಪುತ್ತೇನೆ: ಆಳ ವರ್ಣಕವನ್ನು ಆರಿಸಬಲ್ಲದು. ಆತ ಎಡವಿದ್ದು ಆ ಆಯ್ಕೆ ಹೊರಗಿನ ಬಣ್ಣದಲ್ಲಿ ಕಾಣಲೇಬೇಕು ಎಂದದ್ದರಲ್ಲಿ. ಹೊಂಗೆ ಮರದ ಮಟ್ಟಿಗೆ ಹೇಳುವುದಾದರೆ, ಅದರ ಪೂರ್ವಜರು ನೀರು ಬಿಟ್ಟು ಗಾಳಿಗೆ ಬಂದಮೇಲೆ ಕೆಂಪಿಗೆ ಬರವಿರಲಿಲ್ಲ. ದಪ್ಪ ಎಲೆಯೊಳಗಿನ ಚದುರುವಿಕೆಯೇ ಹಸಿರಿನ ಕೆಲಸಕ್ಕೆ ಸಾಕಾಯಿತು.

ಇದರಿಂದ ಕರಾವಳಿಗೆ ಒಂದು ವ್ಯಾವಹಾರಿಕ ಪ್ರಶ್ನೆ ಏಳುತ್ತದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಕಡಲಪಾಚಿ ಕೃಷಿಗೂ ಹಣ ಇಟ್ಟಿದೆ. ದೇಶದಲ್ಲಿ ಈವರೆಗೆ ಹೆಚ್ಚು ಬೆಳೆದಿರುವುದು ತಮಿಳುನಾಡಿನ ಕೆಂಪು ಪಾಚಿ ಕಪ್ಪಾಫೈಕಸ್. ಹಸಿರು ಪಾಚಿಯನ್ನು ಕರ್ನಾಟಕದ ಕಡಲಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವ ಯೋಚನೆ ಯಾರಾದರೂ ಮಾಡಿದರೆ, ಹಸಿರಾದ್ದರಿಂದ ಮೇಲ್ಮೈಯಲ್ಲೇ ತೇಲಿಸಬೇಕು ಎಂಬ ಪಠ್ಯದ ತರ್ಕ ಉಲ್ವಾಕ್ಕೆ ಸರಿಹೋಗಬಹುದು, ಕಾಲರ್ಪಾಕ್ಕೆ ಸರಿಹೋಗಬೇಕೆಂದಿಲ್ಲ. ಮೆಡಿಟರೇನಿಯನ್ನಿನಲ್ಲಿ 1984ರಲ್ಲಿ ಮೊನಾಕೊ ಬಳಿ ಕಾಣಿಸಿಕೊಂಡ ಕಾಲರ್ಪಾ ಟ್ಯಾಕ್ಸಿಫೋಲಿಯಾ ಮೇಲ್ಮೈಯಿಂದ ಹತ್ತಾರು ಮೀಟರ್ ಆಳದವರೆಗೂ ಹಬ್ಬಿ ಅಲ್ಲಿನವರನ್ನು ಕಂಗೆಡಿಸಿದ್ದು ನೆನಪಿರಬೇಕು. ಹೊರಗಿನ ತಳಿ ತರುವವರು ಈ ಸಾಮರ್ಥ್ಯವನ್ನು ಲಾಭವೆಂದು ಮಾತ್ರ ಓದಬಾರದು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಮೈಸೂರಿನಲ್ಲಿ ಪಾಚಿಯ ವರ್ಣಕಗಳನ್ನು ಬಿಡಿಸಿ ಅಳೆಯಬಲ್ಲವರಿದ್ದಾರೆ. ಹಗ್ಗ ಯಾವ ಆಳಕ್ಕೆ ಎಂದು ತೀರ್ಮಾನಿಸುವ ಮುನ್ನ ಮಾಡಬೇಕಾದ ಅಳತೆ ಎರಡು: ನದಿ ಕದಡಿದ ತಿಂಗಳಲ್ಲೂ ತಿಳಿಯಾದ ತಿಂಗಳಲ್ಲೂ ಆ ಆಳಕ್ಕೆ ಯಾವ ಬಣ್ಣದ ಬೆಳಕು ಎಷ್ಟು ಇಳಿಯುತ್ತದೆ, ಮತ್ತು ಆ ಬೆಳಕಿನಲ್ಲಿ ಇಟ್ಟ ಪಾಚಿ ಗಂಟೆಗೆ ಎಷ್ಟು ಆಮ್ಲಜನಕ ಬಿಡುತ್ತದೆ.